ಹಪ್ಪಳವೋ, ಉಪ್ಪು ಸೊಳೆಯೋ, ಫ್ರೀಜರೋ: ಮಳೆಗಾಲಕ್ಕೆ ಕೂಡಿಡುವ ಮುಂಚೆ

ನಮ್ಮ ಮನೆ ಮೂಡಿಗೆರೆ ಹತ್ತಿರ, ಅಕ್ಕನ ಮನೆ ಕಡೂರು. ನಡುವೆ ಎಪ್ಪತ್ತು ಕಿಲೋಮೀಟರ್ ಇರಬಹುದು. ಜಿಲ್ಲೆ ಒಂದೇ, ಇಬ್ಬರೂ ಅಡುಗೆ ಕಲಿತದ್ದು ಒಂದೇ ಒಲೆಯ ಮುಂದೆ. ಆದರೂ ಅವಳು ಮೇ ತಿಂಗಳ ಕೊನೆಯಲ್ಲೂ ಆರಾಮಾಗಿ ಸಂಡಿಗೆ ಇಡುತ್ತಾಳೆ, ನಾನು ಅದೇ ಅಳತೆಯಲ್ಲಿ ಅದೇ ಹಿಟ್ಟು ಬೇಯಿಸಿ ಇಟ್ಟು ಮೂರನೇ ದಿನ ಬೂಷ್ಟು ಹಿಡಿದದ್ದನ್ನು ಬಟ್ಟೆ ಸಮೇತ ತಿಪ್ಪೆಗೆ ಎಸೆದಿದ್ದೇನೆ. ಕಡೂರಿಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ನಮ್ಮ ಕಡೆ 2000 ದಾಟುವುದು ಮಾಮೂಲಿ. ಇದನ್ನು ಮೊದಲೇ ಯೋಚಿಸಬೇಕಿತ್ತು, ಅಲ್ವಾ?

ಹಾಗಾಗಿ ಯಾರಾದರೂ ‘ಹಲಸಿನಕಾಯಿ ಜಾಸ್ತಿ ಇದೆ, ಏನು ಮಾಡಲಿ’ ಎಂದು ಕೇಳಿದರೆ ನಾನು ಕಾಯಿಯ ವಿಷಯ ಕೇಳುವುದೇ ಇಲ್ಲ. ಮನೆಯ ವಿಷಯ ಕೇಳುತ್ತೇನೆ. ನಡುವೆ ಮಳೆ ಬಾರದೆ ಸತತ ಮೂರು ದಿನ ಬಿಸಿಲು ಸಿಗುತ್ತದಾ? ಕೂತು ಕೆಲಸ ಮಾಡಲು ಎಷ್ಟು ಜನ ಇದ್ದೀರಿ? ಜುಲೈನಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ? ಕೊನೆಗೆ, ಇದನ್ನು ತಿನ್ನುವವರು ಯಾರು? ಈ ಕೊನೇ ಪ್ರಶ್ನೆಯನ್ನು ನಾನು ತುಂಬಾ ವರ್ಷ ಕೇಳಿಕೊಳ್ಳಲೇ ಇಲ್ಲ. ನಮ್ಮ ಅಟ್ಟದಲ್ಲಿ ಎರಡು ಡಬ್ಬ ಬಾಳಕದ ಮೆಣಸಿನಕಾಯಿ ಕೂತಿತ್ತು, ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದವರು ಮಾವ ಒಬ್ಬರೇ, ಅವರಿಗೆ ಡಾಕ್ಟರ್ ಉಪ್ಪು ಖಾರ ಎರಡೂ ಬಿಡಿಸಿ ಆಗಲೇ ವರ್ಷ ಕಳೆದಿತ್ತು.

ಬಿಸಿಲು

ಬಿಸಿಲು ಪುಕ್ಕಟೆ ಎನ್ನುತ್ತಾರೆ. ನಿಜ, ಆದರೆ ಅದನ್ನು ಕಾಯುವವರ ದಿನ ಪುಕ್ಕಟೆ ಅಲ್ಲ. ಹಲಸಿನ ಹಪ್ಪಳ ಒಂದನ್ನೇ ನೋಡಿ. ಬಲಿತ ಕಾಯಿ ಬೇಕು, ಹಣ್ಣಾಗಿರಬಾರದು. ಕೈಗೆ, ಕತ್ತಿಗೆ ಎಣ್ಣೆ ಸವರಿಕೊಂಡು ಕೊಯ್ಯಬೇಕು, ಇಲ್ಲದಿದ್ದರೆ ಮೇಣ ಹತ್ತಿಕೊಂಡು ಸಂಜೆವರೆಗೂ ಬಿಡುವುದಿಲ್ಲ. ಸೊಳೆ ಬಿಡಿಸಿ, ಆವಿಯಲ್ಲಿ ಬೇಯಿಸಿ, ನೀರು ಸೋಕಿಸದೆ ಉಪ್ಪು, ಒಣಮೆಣಸು, ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಹರಡಬೇಕು. ನಮ್ಮಲ್ಲಿ ಮೂವರು ಬೆಳಿಗ್ಗೆ ಆರಕ್ಕೆ ಕೂತರೆ ಎರಡು ಕಾಯಿ ಮುಗಿಯುವಾಗ ಹನ್ನೆರಡು. ಇನ್ನೂರ ಚಿಲ್ಲರೆ ಹಪ್ಪಳ ಆಗುತ್ತದೆ. ಆಮೇಲೆ ಎರಡು ಮೂರು ದಿನ ಒಬ್ಬರು ಕಾಗೆ ಓಡಿಸುತ್ತಾ, ಮೋಡ ನೋಡುತ್ತಾ ಕೂರಬೇಕು.

ಒಬ್ಬರೇ ಮಾಡಲು ಹೋಗಬೇಡಿ. ನಾನು ಮಾಡಿ ನೋಡಿದ್ದೇನೆ, ಒತ್ತುವಷ್ಟರಲ್ಲಿ ಹಿಟ್ಟು ಹುಳಿಯಾಯಿತು.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಕಾಫಿ ಕೊಯ್ಲು, ಅರೇಬಿಕಾ ಆದಮೇಲೆ ರೊಬಸ್ಟಾ, ಎಲ್ಲಾ ಸೇರಿ ಮಾರ್ಚ್ ಹೊತ್ತಿಗೆ ಮುಗಿದು ಕಣ ಖಾಲಿ ಬಿದ್ದಿರುತ್ತದೆ. ಸಿಮೆಂಟ್ ನೆಲ, ಸುತ್ತ ಮರದ ನೆರಳಿಲ್ಲ, ಬಿಸಿಲಿಗೆ ನೆಲ ಕಾದರೆ ಹಪ್ಪಳಕ್ಕೆ ಮೇಲಿಂದಲೂ ಶಾಖ, ಕೆಳಗಿಂದಲೂ ಶಾಖ. ಸ್ವಂತ ಕಣ ಇಲ್ಲದವರು ಪಕ್ಕದ ತೋಟದವರನ್ನು ಕೇಳಿದರೆ ಏಪ್ರಿಲ್‌ನಲ್ಲಿ ಯಾರೂ ಬೇಡ ಎನ್ನುವುದಿಲ್ಲ, ಹತ್ತಿಪ್ಪತ್ತು ಹಪ್ಪಳ ಕೊಟ್ಟರಾಯಿತು. ತೊಂದರೆ ಒಂದೇ. ಮಾರ್ಚ್ ಏಪ್ರಿಲ್‌ನಲ್ಲಿ ತೋಟದವರೆಲ್ಲ ಕಾಫಿ ಹೂ ಅರಳಿಸುವ ಹೂ ಮಳೆಗೆ ಆಕಾಶ ನೋಡುತ್ತಿರುತ್ತಾರೆ, ಮಳೆ ಬಿದ್ದರೆ ಹಬ್ಬ. ಅದೇ ಹೊತ್ತಿಗೆ ಚಾಪೆ ಹರಡಿ ಕೂತ ನಾವು ಮಾತ್ರ ಒಳಗೊಳಗೇ ‘ಇನ್ನೆರಡು ದಿನ ತಡಿಯಪ್ಪಾ’ ಎನ್ನುತ್ತಿರುತ್ತೇವೆ. ಮನೆಯಲ್ಲಿ ಅದನ್ನು ಜೋರಾಗಿ ಹೇಳುವ ಹಾಗಿಲ್ಲ.

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆಯವರಾದರೆ ಕೃತ್ತಿಕೆ ಮಳೆ ಹುಟ್ಟುವ ಮುಂಚೆ, ಅಂದರೆ ಮೇ ಎರಡನೇ ವಾರದೊಳಗೆ ಒಣಗಿಸುವ ಕೆಲಸ ಮುಗಿಸಿಬಿಡಿ. ಕಡೂರು, ತರೀಕೆರೆ, ಅರಸೀಕೆರೆಯವರಿಗೆ ಇಷ್ಟು ಅವಸರ ಇಲ್ಲ. ಹಾಸನ ಪೇಟೆ ಎರಡರ ನಡುವೆ. ಅಲ್ಲಿ ತಾರಸಿ ಇದ್ದವರು ಮೇ ಕೊನೆವರೆಗೂ ನಡೆಸಬಹುದು, ಆದರೆ ಸಂಜೆ ನಾಲ್ಕಕ್ಕೆ ಗುಡುಗು ಶುರುವಾಗುತ್ತದೆ ಎಂದುಕೊಂಡೇ ಲೆಕ್ಕ ಹಾಕಿ.

ಇನ್ನೊಂದು ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಕರಿಯುವ ಎಣ್ಣೆ. ಹಪ್ಪಳ ಸಂಡಿಗೆ ಮಾಡುವಾಗ ಅಗ್ಗ, ತಿನ್ನುವಾಗ ದುಬಾರಿ. ಮಳೆಗಾಲದಲ್ಲಿ ದಿನಾ ಸಂಜೆ ಎಂಟು ಹತ್ತು ಕರಿದರೆ ತಿಂಗಳಿಗೆ ಎಷ್ಟು ಎಣ್ಣೆ ಬೇಕು ಎಂದು ಒಮ್ಮೆ ಅಳೆದು ನೋಡಿ. ಬಚ್ಚಲೊಲೆ ಇರುವ ಮನೆಯಾದರೆ ಕೆಂಡದಲ್ಲಿ ಸುಟ್ಟು, ಮೇಲೆ ಚೂರು ಕೊಬ್ಬರಿ ಎಣ್ಣೆ ಸವರಿ ತಿನ್ನಬಹುದು. ನನಗಂತೂ ಕರಿದದ್ದಕ್ಕಿಂತ ಅದೇ ಇಷ್ಟ.

ಅರೆಬರೆ ಒಣಗಿದ್ದನ್ನು ಡಬ್ಬಕ್ಕೆ ತುಂಬಬೇಡಿ. ಹಪ್ಪಳ ಮಡಚಿದರೆ ಬಾಗಬಾರದು, ಟಪ್ ಎಂದು ಮುರಿಯಬೇಕು. ಬೂಷ್ಟು ಬಂದದ್ದನ್ನು ಒರೆಸಿ ಮತ್ತೆ ಬಿಸಿಲಿಗೆ ಇಡುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇತ್ತು, ಅದನ್ನು ಬಿಡಬೇಕು. ಕೊಬ್ಬರಿ, ಶೇಂಗಾ, ಮೆಕ್ಕೆಜೋಳದಂಥವಕ್ಕೆ ಹತ್ತುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಹುರಿದರೂ ಕರಿದರೂ ಪೂರ್ತಿ ಹೋಗುವುದಿಲ್ಲ, ಲಿವರ್‌ಗೆ ಒಳ್ಳೆಯದಲ್ಲ. ಹತ್ತು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆ ಖರ್ಚು ಯಾಕೆ?

ಉಪ್ಪು

ಮಲೆನಾಡಿನ ಮನೆಗೆ ಒಂದೇ ಒಂದು ವಿಧಾನ ಆರಿಸಿಕೊಳ್ಳಿ ಎಂದರೆ ನಾನು ಕಣ್ಣು ಮುಚ್ಚಿ ಉಪ್ಪು ಎನ್ನುತ್ತೇನೆ. ಬಿಸಿಲು ಬೇಡ, ಕರೆಂಟ್ ಬೇಡ, ಗ್ಯಾಸ್ ಬೇಡ, ಒಬ್ಬರೇ ಕೂತು ಅರ್ಧ ದಿನದಲ್ಲಿ ಮುಗಿಸಬಹುದು. ಹೊರಗೆ ಆರಿದ್ರಾ ಮಳೆ ಹುಚ್ಚು ಹಿಡಿದ ಹಾಗೆ ಸುರಿಯುತ್ತಿದ್ದರೂ ಒಳಗೆ ಸೊಳೆ ಬಿಡಿಸಿ ಭರಣಿಗೆ ತುಂಬುತ್ತಾ ಕೂರಬಹುದು.

ಉಪ್ಪು ಸೊಳೆಗೂ ಬಲಿತ ಕಾಯಿಯೇ ಬೇಕು. ಬೀಜ, ಸಿಪ್ಪೆ, ನಾರು ತೆಗೆದು ಸೊಳೆಯನ್ನಷ್ಟೇ ಇಟ್ಟುಕೊಳ್ಳಿ. ತೊಳೆಯಬೇಡಿ, ಅಥವಾ ತೊಳೆದರೆ ನೀರು ಪೂರ್ತಿ ಆರಲಿ. ನಮ್ಮ ಮನೆಯ ಲೆಕ್ಕ ಐದು ಸೇರು ಸೊಳೆಗೆ ಒಂದು ಸೇರು ಕಲ್ಲುಪ್ಪು. ಒಂದು ಪದರ ಸೊಳೆ, ಒಂದು ಪದರ ಉಪ್ಪು ಹಾಕುತ್ತಾ ಒತ್ತಿ ತುಂಬಿ, ಮೇಲೆ ಬಾಳೆ ಎಲೆ ಮುಚ್ಚಿ, ತೊಳೆದು ಒಣಗಿಸಿದ ಬಿಳಿಕಲ್ಲು ಇಡಬೇಕು. ಎರಡು ಮೂರು ದಿನಕ್ಕೆ ಸೊಳೆಯೇ ನೀರು ಬಿಡುತ್ತದೆ, ಆ ನೀರಿನಲ್ಲಿ ಎಲ್ಲವೂ ಮುಳುಗಿರಬೇಕು. ಕಲ್ಲು ಇಡುವುದು ಅದಕ್ಕೇ. ಮೇಲೆ ತೇಲಿದ ಸೊಳೆಗೆ ಗಾಳಿ ತಾಗಿ ಮೊದಲು ಕೆಡುತ್ತದೆ, ಆಮೇಲೆ ಉಳಿದದ್ದನ್ನೂ ಕೆಡಿಸುತ್ತದೆ.

ಇಷ್ಟೊಂದು ಉಪ್ಪಾ ಎಂದು ಕಡಿಮೆ ಮಾಡಲು ಹೋಗಬೇಡಿ. ಉಪ್ಪು ಸೊಳೆಯೊಳಗಿನ ನೀರನ್ನು ಎಳೆದುಕೊಂಡು ಕೊಳೆಸುವ ಜೀವಿಗಳಿಗೆ ಬದುಕಲು ಬಿಡುವುದಿಲ್ಲ. ಕಡಿಮೆ ಉಪ್ಪು ಹಾಕಿದರೆ ಸೊಳೆ ಹುಳಿಯಾಗಿ ಮೆತ್ತಗಾಗುತ್ತದೆ. ಹುಳಿ ಬರಿಸಿ ಒಂದೆರಡು ವಾರದಲ್ಲಿ ತಿಂದು ಮುಗಿಸುವ ತರಕಾರಿಗಾದರೆ ನೂರಕ್ಕೆ ಮೂರು ಭಾಗ ಉಪ್ಪು ಸಾಕು. ವರ್ಷವಿಡೀ ಹೊರಗೇ ಇಡಬೇಕೆಂದರೆ ಹದಿನೈದು ಇಪ್ಪತ್ತು ಭಾಗ ಬೇಕೇಬೇಕು. ಅಡುಗೆಗೆ ಮುಂಚೆ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿದರೆ ಉಪ್ಪು ಇಳಿಯುತ್ತದೆ. ಆಮೇಲೆ ಪಲ್ಯ ಮಾಡಿ, ಹುಳಿ ಮಾಡಿ, ಅಕ್ಕಿ ಜೊತೆ ರುಬ್ಬಿ ರೊಟ್ಟಿ ತಟ್ಟಿ. ಇಷ್ಟಾದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಬಿಪಿ, ಕಿಡ್ನಿ ತೊಂದರೆ ಇರುವವರಿದ್ದರೆ ಈ ದಾರಿ ಅವರಿಗಲ್ಲ, ಅವರ ಪಾಲಿಗೆ ಬೇರೆ ಏನಾದರೂ ನೋಡಿ.

ಕಲ್ಲುಪ್ಪೇ ಯಾಕೆಂದರೆ ಮೊದಲನೆಯದಾಗಿ ಅಗ್ಗ. ಎರಡನೆಯದಾಗಿ, ಪುಡಿ ಉಪ್ಪಿಗೆ ಗಂಟು ಕಟ್ಟದಿರಲಿ ಎಂದು ಸೇರಿಸುವ ಪದಾರ್ಥದಿಂದ ಉಪ್ಪುನೀರು ಮಬ್ಬಾಗುತ್ತದೆ. ದಿನದ ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ, ಅದನ್ನು ಬಿಡಬೇಡಿ. ಪಾತ್ರೆ ಪಿಂಗಾಣಿ ಭರಣಿ ಅಥವಾ ಗಾಜು. ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಡ್ರಮ್ ಆದರೂ ನಡೆಯುತ್ತದೆ. ಅಲ್ಯುಮಿನಿಯಂ ಬೇಡವೇ ಬೇಡ. ಸ್ಟೀಲ್ ಡಬ್ಬದಲ್ಲಿ ಇಟ್ಟ ನಮ್ಮ ಪಕ್ಕದ ಮನೆಯವರ ಡಬ್ಬಕ್ಕೆ ತಳದಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಬಿದ್ದು ಅಟ್ಟವೆಲ್ಲಾ ಉಪ್ಪುನೀರಾಗಿತ್ತು.

ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ, ತೆಗೆದು ಹಾಕಿ, ಕಲ್ಲು ತೊಳೆದು ಮತ್ತೆ ಇಡಿ. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಬಂದರೆ, ಲೋಳೆಯಾದರೆ, ವಾಸನೆ ಮೂಗಿಗೆ ಹೊಡೆದರೆ ಪೂರ್ತಿ ಚೆಲ್ಲಿ.

ಮಿಡಿ ಉಪ್ಪಿನಕಾಯಿಯೂ ಈ ಗುಂಪಿನದೇ, ಎಣ್ಣೆಯ ಗುಂಪಿನದಲ್ಲ. ಪೇಟೆಯವರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಮಲೆನಾಡಿನ ಅಪ್ಪೆಮಿಡಿಗೆ ಒಂದು ತೊಟ್ಟು ಎಣ್ಣೆಯೂ ಬೇಕಿಲ್ಲ. ಮಿಡಿಯನ್ನು ಅರ್ಧ ಇಂಚು ತೊಟ್ಟು ಬಿಟ್ಟು ಕತ್ತರಿಸಿ, ತೊಳೆದು ಒರೆಸಿ, ಉಪ್ಪಿನಲ್ಲಿ ಹಾಕಿ ದಿನಾ ಒಮ್ಮೆ ಭರಣಿ ಕುಲುಕುತ್ತಾ ಎರಡು ಮೂರು ವಾರ ಬಿಟ್ಟರೆ ಮುರುಟುತ್ತದೆ. ಅದು ಬಿಟ್ಟ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮೆಣಸಿನ ಪುಡಿ ಕಲಸಿ ಮತ್ತೆ ಮಿಡಿಗೆ ಸೇರಿಸುವುದು. ಉಪ್ಪೂ ಇದೆ, ಮಾವಿನ ಹುಳಿಯೂ ಇದೆ, ಸಾಸಿವೆಯೂ ಇದೆ, ಹೀಗೆ ಕಾವಲು ಮೂರು ಕಡೆಯಿಂದ. ಬಿದ್ದ ಮಿಡಿ, ಏಟು ತಿಂದ ಮಿಡಿ ಮಾತ್ರ ಬೇಡ. ಅಗ್ಗಕ್ಕೆ ಸಿಗುತ್ತದೆ ಎಂದು ಒಂದು ವರ್ಷ ಉದುರಿದ ಮಿಡಿ ತಂದು ಹಾಕಿದೆ. ಐದಾರು ಮಿಡಿ ಒಳಗಿಂದ ಮೆತ್ತಗಾಗಿ ಇಡೀ ಭರಣಿ ಹೋಯಿತು. ಮರ ಹತ್ತಿ ಕೊಯ್ದದ್ದಕ್ಕೆ ಯಾಕೆ ಅಷ್ಟು ರೇಟು ಹೇಳುತ್ತಾರೆ ಎಂದು ಆಗ ಗೊತ್ತಾಯಿತು.

ಎಣ್ಣೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಳಿತಾಯ ಎನ್ನುವ ಮಾತಿಗೆ ಎಣ್ಣೆ ಉಪ್ಪಿನಕಾಯಿ ಹೊಂದುವುದೇ ಇಲ್ಲ. ಎಣ್ಣೆ ಏನನ್ನೂ ಕೊಲ್ಲುವುದಿಲ್ಲ, ಗಾಳಿ ತಾಗದ ಹಾಗೆ ಮುಚ್ಚುತ್ತದೆ ಅಷ್ಟೇ. ಹುಳಿ, ಉಪ್ಪು ಸಾಕಷ್ಟು ಇರುವ ಮಾವು, ನಿಂಬೆಗೆ ಅದು ಸರಿ. ಆದರೆ ಹಸಿ ಬೆಳ್ಳುಳ್ಳಿಯನ್ನು ಸುಮ್ನೆ ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡುವುದಿದೆಯಲ್ಲ, ಅದು ಅಪಾಯ. ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿ ಇಲ್ಲದ, ಹುಳಿ ಇಲ್ಲದ ಜಾಗವನ್ನೇ ಹುಡುಕುತ್ತದೆ. ಅದರ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಳ್ಳುಳ್ಳಿಗೆ ನಿಂಬೆರಸವನ್ನೋ ಹುಣಸೆಯನ್ನೋ ಧಾರಾಳವಾಗಿ ಹಾಕಿ ಉಪ್ಪಿನಕಾಯಿ ಮಾಡಿ. ಬರೀ ಎಣ್ಣೆಯಲ್ಲಿ ಇಟ್ಟದ್ದಾದರೆ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಇದೇ ಕಾರಣಕ್ಕೆ, ತರಕಾರಿಯನ್ನು ಗಾಜಿನ ಬಾಟಲಿಗೆ ತುಂಬಿ ಮನೆಯ ಕುಕ್ಕರ್‌ನಲ್ಲಿ ವಿಸಿಲ್ ಹೊಡೆಸಿ ತಿಂಗಳುಗಟ್ಟಲೆ ಇಡುವ ಪ್ರಯೋಗವನ್ನೂ ಮಾಡಬೇಡಿ. ನಮ್ಮ ಕುಕ್ಕರ್ ಆ ಕೆಲಸಕ್ಕೆ ಮಾಡಿದ್ದಲ್ಲ.

ಫ್ರೀಜರ್

ನಾನು ಒಂದು ಸಲ ಪೂರ್ತಿ ಫ್ರೀಜರ್ ಪಕ್ಷ ಸೇರಿದ್ದೆ. ಅದಕ್ಕೆ ಕಾರಣ ಅವರೆಕಾಯಿ. ಡಿಸೆಂಬರ್ ಜನವರಿಯಲ್ಲಿ ಹಾಸನದ ಮಾರ್ಕೆಟ್‌ನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುವಾಗ ಯಾರಿಗೆ ಆಸೆ ಆಗುವುದಿಲ್ಲ ಹೇಳಿ. ಹತ್ತು ಕಿಲೋ ತಂದು, ಸುಲಿದು, ಅರ್ಧ ಹಿತಕಿ, ಪ್ಯಾಕೆಟ್ ಕಟ್ಟಿ ಇಟ್ಟೆ. ಕಾಯಿ ತುರಿದು ಇಟ್ಟೆ. ಬಟಾಣಿ ಇಟ್ಟೆ. ಜೂನ್‌ವರೆಗೆ ರಾಣಿ ಹಾಗೆ ಇದ್ದೆ.

ಜುಲೈನಲ್ಲಿ ಮರ ಬಿದ್ದು ಲೈನ್ ಹರಿದು ನಾಲ್ಕು ದಿನ ಕರೆಂಟ್ ಇಲ್ಲ. ಐದನೇ ದಿನ ಬಾಗಿಲು ತೆಗೆದಾಗ ಬಂದ ವಾಸನೆ ಇನ್ನೂ ನೆನಪಿದೆ. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು.

ಹಾಗಂತ ಫ್ರೀಜರ್ ಕೆಟ್ಟದ್ದು ಎನ್ನುವುದಿಲ್ಲ, ಅದು ನಿಮ್ಮ ಊರಿನ ಕರೆಂಟನ್ನು ನೋಡಿ ಆರಿಸುವ ವಿಷಯ. ತುಂಬಿ ತುಳುಕುವ ಫ್ರೀಜರ್ ಬಾಗಿಲು ತೆಗೆಯದೆ ಇದ್ದರೆ ಸುಮಾರು 48 ಗಂಟೆ ತಣ್ಣಗೆ ಉಳಿಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಕೆಳಗಿನ ಫ್ರಿಜ್ ಭಾಗ ನಾಲ್ಕೇ ಗಂಟೆ. ಒಂದೇ ಬಾಗಿಲಿನ ಫ್ರಿಜ್‌ನೊಳಗಿನ ಪುಟ್ಟ ಐಸ್ ಪೆಟ್ಟಿಗೆಯಿಂದ ಇಷ್ಟನ್ನೂ ನಿರೀಕ್ಷಿಸಬೇಡಿ. ಊರಿಗೆ ಹೋಗುವ ಮುಂಚೆ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ, ನೀವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಅಂಥದ್ದನ್ನು ತಿನ್ನಬೇಡಿ.

ಅವರೆಕಾಳನ್ನು ಹಸಿಯಾಗಿಯೇ ತುಂಬಿದರೆ ಎರಡು ತಿಂಗಳಿಗೆ ಸೊಗಡು ಹೋಗಿ ಹುಲ್ಲಿನ ವಾಸನೆ ಬರುತ್ತದೆ. ಚಳಿಯಲ್ಲೂ ಕಾಳಿನೊಳಗಿನ ಕಿಣ್ವಗಳು ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ. ಕುದಿಯುವ ನೀರಿಗೆ ಎರಡು ಮೂರು ನಿಮಿಷ ಹಾಕಿ ತೆಗೆದು, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ನೀರು ಆರಿಸಿ, ಒಂದು ಹೊತ್ತಿನ ಅಡುಗೆಗೆ ಆಗುವಷ್ಟನ್ನೇ ಚಪ್ಪಟೆಯಾಗಿ ಪ್ಯಾಕೆಟ್ ಮಾಡಿ. ದೊಡ್ಡ ಗಂಟು ಮಾಡಿದರೆ ಸುತ್ತಿಗೆ ತರಬೇಕಾಗುತ್ತದೆ.

ಬಿಲ್ಲಿನ ವಿಷಯ. ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ಎಂದುಕೊಂಡು ಹೊಸದಾಗಿ ಡೀಪ್ ಫ್ರೀಜರ್ ತರುವವರನ್ನು ನೋಡಿದ್ದೇನೆ. ಎಲ್ಲರಿಗೂ 200 ಸಿಗುವುದಿಲ್ಲ. ನಿಮ್ಮ ಮನೆಯ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಟ್ಟಿರುತ್ತಾರೆ, ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಅಂಗಡಿಯಲ್ಲಿ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಹನ್ನೆರಡರಿಂದ ಭಾಗಿಸಿ, ನಿಮ್ಮ ಬಿಲ್ಲಿನಲ್ಲಿರುವ ಮಿತಿಯ ಜೊತೆ ಇಟ್ಟು ನೋಡಿ. ಇರುವ ಫ್ರಿಜ್‌ನ ಮೇಲಿನ ಖಾನೆಯನ್ನೇ ಸರಿಯಾಗಿ ತುಂಬಿದರೆ ನಾಲ್ಕು ಜನರ ಮನೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಅವರೆ, ಬಟಾಣಿ, ಕಾಯಿತುರಿ, ಈ ಮೂರಕ್ಕೇ ಆ ಜಾಗ ಇಡಿ. ಅವರೆ ಬೇರೆ ಯಾವ ದಾರಿಯಲ್ಲೂ ಹಸಿಕಾಳಿನ ರುಚಿ ಉಳಿಸಿಕೊಳ್ಳುವುದಿಲ್ಲ. ಮಾವು, ಹಲಸು, ನೆಲ್ಲಿಕಾಯಿಗೆ ಉಪ್ಪಿನ ದಾರಿ ಇರುವಾಗ ಕರೆಂಟ್ ಯಾಕೆ?

ಹೊಗೆ ಅಟ್ಟ ಇನ್ನೂ ಇರುವ ಮನೆಯವರು ಅದೃಷ್ಟವಂತರು. ಒಲೆಯ ಮೇಲಿನ ತಟ್ಟಿಯಲ್ಲಿ ಮುರುಗಲು ಸಿಪ್ಪೆ, ಒಣಮೆಣಸು, ಹಪ್ಪಳದ ಡಬ್ಬ ಇಟ್ಟರೆ ಆಷಾಢದಲ್ಲೂ ಗರಿಗರಿ. ಬರೀ ಇದಕ್ಕೋಸ್ಕರ ಸೌದೆ ಉರಿಸುವುದು ಬೇಡ, ಹೇಗೂ ಸ್ನಾನದ ನೀರಿಗೆ ಒಲೆ ಹಚ್ಚುತ್ತೀರಲ್ಲ, ಆ ಶಾಖ ಸಾಕು.

ಬಿಸಿಲು ಹುಡುಕಿಕೊಂಡು ಬಸ್ಸು ಹತ್ತುವುದು

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನಾನೊಂದು ಹೊಸ ಲೆಕ್ಕ ಶುರು ಮಾಡಿದೆ. ನಮ್ಮ ಕಡೆ ಬಿಸಿಲಿಲ್ಲ, ಅಕ್ಕನ ತಾರಸಿಯಲ್ಲಿ ಬೇಕಾದಷ್ಟಿದೆ, ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ದುಡ್ಡಿಲ್ಲ. ಹಾಗಾದರೆ ಇಲ್ಲಿಂದ ಹಲಸಿನಕಾಯಿ ಒಯ್ದು ಅಲ್ಲೇ ಹಪ್ಪಳ ಮಾಡಿಕೊಂಡು ಬಂದರೆ?

ಮೊದಲ ಸಲ ಇಡೀ ಕಾಯಿಯನ್ನೇ ಚೀಲದಲ್ಲಿ ಹೊತ್ತುಕೊಂಡು ಹೋದೆ. ಚಿಕ್ಕಮಗಳೂರಿನಲ್ಲಿ ಬಸ್ಸು ಬದಲಿಸುವಾಗ ಸೊಂಟ ಹಿಡಿಯಿತು, ಮೇಣ ಸೀರೆಗೆ ಹತ್ತಿತು. ಕಾಯಿಯ ತೂಕದಲ್ಲಿ ಸೊಳೆ ಮೂರನೇ ಒಂದು ಭಾಗ ಇದ್ದರೆ ಹೆಚ್ಚು. ಉಳಿದದ್ದು ಸಿಪ್ಪೆ, ನಾರು, ಬೀಜ. ಅಂದರೆ ನಾನು ದನದ ಮೇವನ್ನು ಕಡೂರಿಗೆ ಹೊತ್ತಿದ್ದೆ. ಎರಡನೇ ಸಲ ಬುದ್ಧಿ ಬಂತು. ಸಂಜೆಯೇ ಸೊಳೆ ಬಿಡಿಸಿ, ಸ್ಟೀಲ್ ಡಬ್ಬಕ್ಕೆ ತುಂಬಿ, ಬೆಳಗಿನ ಮೊದಲ ಬಸ್ಸು ಹಿಡಿದೆ. ಅಲ್ಲಿ ಬೇಯಿಸಿ ರುಬ್ಬಿದೆವು, ಅಕ್ಕನ ಸೊಸೆ, ಪಕ್ಕದ ಮನೆಯವರು ಎಲ್ಲಾ ಸೇರಿದರು. ಎರಡು ರಾತ್ರಿ ಇದ್ದು ಮೂರನೇ ದಿನ ಒಣಗಿದ ಹಪ್ಪಳ ಕಟ್ಟಿಕೊಂಡು ಬಂದೆ.

ಲಾಭವಾ? ನೇರವಾಗಿ ಹೇಳುತ್ತೇನೆ. ಅಕ್ಕನ ಮನೆ ಇಲ್ಲದಿದ್ದರೆ ಖಂಡಿತ ಲಾಭ ಇಲ್ಲ. ಮೂರು ದಿನ ಮನೆ ಬಿಡಬೇಕು, ಕೂಲಿಗೆ ಹೋಗುವವರಾದರೆ ಮೂರು ದಿನದ ಕೂಲಿ ಹೋಯಿತು, ಗಂಡಸರು ಜೊತೆಗೆ ಬಂದರೆ ಅವರ ಟಿಕೆಟ್ ದುಡ್ಡು ಬೇರೆ. ಹೇಗೂ ನೆಂಟರ ಮನೆಗೆ ಹೋಗುವುದಿದ್ದರೆ ಮಾತ್ರ ಜೊತೆಗೆ ಈ ಕೆಲಸ ಇಟ್ಟುಕೊಳ್ಳಿ. ಗುರುತಿನ ಚೀಟಿ ಮರೆಯಬೇಡಿ, ಯೋಜನೆ ಇರುವುದು ಸಾಮಾನ್ಯ ಸರ್ಕಾರಿ ಬಸ್ಸುಗಳಿಗೆ, ಐಷಾರಾಮಿ ಬಸ್ಸು ಹತ್ತಿದರೆ ಟಿಕೆಟ್ ಕೊಳ್ಳಲೇಬೇಕು. ಬರುವಾಗ ನಾನು ಖಾಲಿ ಡಬ್ಬದಲ್ಲಿ ಅಲ್ಲಿನ ಈರುಳ್ಳಿ, ಕೊಬ್ಬರಿ ತುಂಬಿಕೊಂಡು ಬರುತ್ತೇನೆ, ಅಕ್ಕ ನಮ್ಮ ಮನೆಗೆ ಬಂದಾಗ ಕಾಳುಮೆಣಸು, ಉಪ್ಪು ಸೊಳೆ ಒಯ್ಯುತ್ತಾಳೆ. ಯಾರ ಮನೆಯಲ್ಲಿ ಯಾವುದು ಸುಲಭವೋ ಅದನ್ನು ಅವರು ಜಾಸ್ತಿ ಮಾಡಿ ಬದಲಾಯಿಸಿಕೊಳ್ಳುವುದು ನಮಗೆ ಎಲ್ಲಕ್ಕಿಂತ ಅಗ್ಗವಾಗಿ ಕಂಡಿದೆ. ಈಗ ನಾನು ಸಂಡಿಗೆ ಇಡುವುದನ್ನೇ ಬಿಟ್ಟಿದ್ದೇನೆ.

ದಾರಿಗೆ ಬುತ್ತಿ ಕಟ್ಟುವವರಿಗೂ ಇದೇ ಡಬ್ಬಗಳು ಕೆಲಸಕ್ಕೆ ಬರುತ್ತವೆ. ಹುಣಸೆ, ಉಪ್ಪು, ಎಣ್ಣೆ ಮೂರೂ ಇರುವ ಪುಳಿಯೋಗರೆ ಗೊಜ್ಜು ಹಾಗೇ ಇಟ್ಟರೂ ಪ್ರಯಾಣದಲ್ಲಿ ಕೆಡುವುದಿಲ್ಲ. ಕಲಸಿದ ಅನ್ನ ಕೆಡುತ್ತದೆ, ಅದನ್ನು ಅದೇ ದಿನ ಮುಗಿಸಿ. ಹೊರನಾಡು, ಶೃಂಗೇರಿ, ಧರ್ಮಸ್ಥಳದ ಕಡೆ ಹೋಗುವವರು ಮಧ್ಯಾಹ್ನದ ಊಟ ಕಟ್ಟುವ ಅಗತ್ಯವೇ ಇಲ್ಲ, ಮೂರೂ ಕಡೆ ಪ್ರಸಾದದ ಊಟ ಇದೆ. ಚಟ್ನಿಪುಡಿ, ಅವಲಕ್ಕಿ ಇದ್ದರೆ ಬೆಳಗಿನ ತಿಂಡಿಗೆ ಸಾಕು.

ಯಾವುದಕ್ಕೆ ಯಾವ ದಾರಿಯೂ ಬೇಡ

ಹಾಸನದ ಆಲೂಗಡ್ಡೆ ಮೂಟೆಗಟ್ಟಲೆ ಅಗ್ಗಕ್ಕೆ ಸಿಗುವಾಗ ತಂದು ಇಡೋಣ ಎನಿಸುತ್ತದೆ. ಇಲ್ಲಿ ಮುಂಗಾರಿಗೆ ಬಿತ್ತಿದ ಗಡ್ಡೆ ಬರುವುದು ಆಗಸ್ಟ್ ಸೆಪ್ಟೆಂಬರ್‌ನಲ್ಲಿ. ಮಣ್ಣೂ ಒದ್ದೆ, ಗಡ್ಡೆಯೂ ಒದ್ದೆ, ಬಿಸಿಲಂತೂ ಇಲ್ಲ. ಅಂಗಮಾರಿ ತಾಗಿದ ಹೊಲದ ಗಡ್ಡೆ ಒಂದಿದ್ದರೂ ಮೂಟೆಯೊಳಗೆ ಕೊಳೆ ಹಬ್ಬುತ್ತದೆ. ಚಿಪ್ಸ್ ಮಾಡಿ ಒಣಗಿಸೋಣ ಎಂದರೆ ಆಗ ಸೂರ್ಯ ರಜೆಯಲ್ಲಿರುತ್ತಾನೆ. ಹದಿನೈದು ದಿನಕ್ಕೆ ಆಗುವಷ್ಟು ತನ್ನಿ. ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ಹರಡಿ, ಈರುಳ್ಳಿ ಪಕ್ಕ ಇಡಬೇಡಿ. ಬೆಳಕು ಬಿದ್ದು ಹಸಿರಾದ ಗಡ್ಡೆಯಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗದು. ಫ್ರಿಜ್‌ನಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿ ಬರುತ್ತದೆ, ಕರಿದರೆ ಕಪ್ಪಾಗುತ್ತದೆ.

ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಸೀಸನ್‌ನಲ್ಲೇ ತಿಂದು ಮುಗಿಸಿ ಎಂಬುದು ನನ್ನ ಮಾತು. ಉಪ್ಪಿನಲ್ಲಿ ಇಡಬಹುದು, ಇಡುತ್ತಾರೆ. ಆದರೆ ಮೊದಲು ಹೆಚ್ಚಿ, ದಿನಾ ನೀರು ಬದಲಿಸಿ ಮೂರು ದಿನ ನೆನೆಸಲೇಬೇಕು, ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ. ಅವಸರದಲ್ಲಿ ಇದನ್ನು ತಪ್ಪಿಸುವವರು ಇಡದಿರುವುದೇ ಮೇಲು.

ಇಬ್ಬರೇ ಇರುವ ಮನೆಯಾದರೆ ಹಪ್ಪಳ ಸಂಡಿಗೆ ಕೊಂಡುಕೊಳ್ಳಿ. ಊರಿನ ಸ್ತ್ರೀಶಕ್ತಿ ಸಂಘದವರು ಮಾಡಿದ್ದು ಸಿಗುತ್ತದೆ, ನಾಲ್ಕು ಕಟ್ಟು ತಂದರೆ ಮಳೆಗಾಲ ಕಳೆಯುತ್ತದೆ. ಕೊಳ್ಳುವ ಮುಂಚೆ ಒಂದನ್ನು ಮುರಿದು ನೋಡಿ, ಬಾಗಿದರೆ ಬಿಟ್ಟು ಬನ್ನಿ.

ಹಲಸಿನ ಬೀಜ ಬಾಕಿ ಉಳಿಯಿತು. ಸೊಳೆ ಬಿಡಿಸುವಾಗ ಅದನ್ನು ಎಸೆಯುವವರಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ಕೆಮ್ಮಣ್ಣನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬೀಜಕ್ಕೆಲ್ಲ ಹತ್ತಿಸಿ, ಮತ್ತೆ ಒಣಗಿಸಿ, ಹಳೆಯ ಬುಟ್ಟಿಗೆ ತುಂಬಿ ಮೂಲೆಗಿಡಿ. ಶ್ರಾವಣದಲ್ಲಿ ಸೊಪ್ಪು ಬಿಟ್ಟರೆ ತರಕಾರಿ ಏನೂ ಕೈಗೆ ಸಿಗದ ದಿನ ಒಂದು ಹಿಡಿ ತೆಗೆದು, ಮಣ್ಣು ತೊಳೆದು, ಜಜ್ಜಿ ಸಾರಿಗೆ ಹಾಕಿ.